ಏರಿ, ಗಾಡಿದಾರಿ ಮತ್ತು ಮಾಗಿಯ ಚಳಿ: ಬೆಂಗಳೂರಿನ ಹೊರವಲಯದಲ್ಲಿ ಸೈಕಲ್ ನಡೆದುಬಂದ ದಾರಿ

ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ ಎಂಬ ಮೂರು ಪ್ರದೇಶಗಳು ಇಂದು ಮಾಹಿತಿ ತಂತ್ರಜ್ಞಾನ ಮತ್ತು ಕೈಗಾರಿಕೆಗಳ ಹೆಸರಿನಲ್ಲಿ ಪರಿಚಿತವಾಗಿದ್ದರೂ, ಅವು ಬೆಳೆದು ನಿಂತಿರುವುದು ಕೆರೆ, ಗೋಮಾಳ, ಗುಂಡುತೋಪು ಮತ್ತು ರಾಗಿ ಹೊಲಗಳಿದ್ದ ಹಳ್ಳಿಗಳ ನೆಲದ ಮೇಲೆ. ಡಿಸೆಂಬರ್ ಮತ್ತು ಜನವರಿ ತಿಂಗಳ ಮುಂಜಾವಿನಲ್ಲಿ ಈ ಪ್ರದೇಶಗಳ ಅಂಚಿನಲ್ಲಿ ಉಳಿದಿರುವ ಮಣ್ಣುದಾರಿಗಳಲ್ಲಿ ದಪ್ಪ ಟೈರಿನ ಸೈಕಲ್ಲುಗಳನ್ನು ಓಡಿಸುವ ಹವ್ಯಾಸ ಹೆಚ್ಚುಕಡಿಮೆ ಕಳೆದ ಎರಡು ದಶಕಗಳಲ್ಲಿ ಬೆಳೆದುಬಂದಿದೆ. ಅದನ್ನು ಕಂಪ್ಯೂಟರ್ ಕಂಪನಿಗಳ ಜೊತೆಯಲ್ಲೇ ಬಂದ ಹೊಸ ಶೋಕಿಯೆಂದು ಭಾವಿಸುವವರೇ ಹೆಚ್ಚು. ಆದರೆ ಅದೇ ದಾರಿಗಳಲ್ಲಿ, ಅದೇ ಋತುವಿನಲ್ಲಿ, ಅದೇ ಹೊತ್ತಿನಲ್ಲಿ ಅದಕ್ಕೂ ಅರ್ಧ ಶತಮಾನ ಮೊದಲೇ ಸೈಕಲ್ಲುಗಳು ಓಡುತ್ತಿದ್ದವು. ಅವನ್ನು ಓಡಿಸುತ್ತಿದ್ದವರು ಕಾರ್ಖಾನೆಯ ಮೊದಲ ಪಾಳಿಗೆ ಹೊರಟ ಕಾರ್ಮಿಕರು. ಈ ಎರಡೂ ಕಾಲದ ಸವಾರರನ್ನು ಒಂದೇ ಚರಿತ್ರೆಯೊಳಗೆ ತಂದು ನೋಡಿದರೆ ಮಾತ್ರ ಆ ದಾರಿಗಳ ನಿಜವಾದ ಬೆಲೆ ತಿಳಿಯುತ್ತದೆ.

ಬೆಂಗಳೂರಿನ ಚಳಿಗಾಲಕ್ಕೆ ಹಿಮವಿಲ್ಲ, ನೀರು ಹೆಪ್ಪುಗಟ್ಟುವ ಶೀತವೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯಲ್ಲಿ ಡಿಸೆಂಬರ್, ಜನವರಿಗಳ ಸರಾಸರಿ ಕನಿಷ್ಠ ಉಷ್ಣಾಂಶ 15ರಿಂದ 16 ಡಿಗ್ರಿ ಸೆಲ್ಸಿಯಸ್‌ನಷ್ಟು ಇರುತ್ತದೆ. ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿ 13ರಂದು ನಮೂದಾದ 7.8 ಡಿಗ್ರಿ. ಹೀಗಿದ್ದರೂ ಸೈಕಲ್ ಸವಾರನ ಮಟ್ಟಿಗೆ ಇಲ್ಲಿನ ಚಳಿಗಾಲಕ್ಕೆ ತನ್ನದೇ ಆದ ಗುಣಗಳಿವೆ. ಅಕ್ಟೋಬರಿನಿಂದ ಬೀಳುವ ಹಿಂಗಾರು ಮಳೆಯಿಂದ ನೆಲ ನೆನೆದು ಕೆರೆಗಳು ತುಂಬಿರುತ್ತವೆ. ಮಳೆ ಹಿಂದೆ ಸರಿದ ಮೇಲೆ ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ಹಗಲಿನ ಶಾಖವನ್ನು ಬೇಗನೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ಅಲ್ಲಿಯೇ ದಟ್ಟೈಸಿ ಮಂಜಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಹರಿಯುವುದರಿಂದ ಆ ಮಂಜು ಕೆರೆಯಂಗಳ ಮತ್ತು ಹಳ್ಳಗಳ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಡಿಸೆಂಬರ್, ಜನವರಿಗಳಲ್ಲಿ ವಿಮಾನಗಳು ತಡವಾಗುವ ಸುದ್ದಿಯಿಂದ ನಗರಕ್ಕೆ ಈ ಮಂಜಿನ ಪರಿಚಯ ಹೊಸದಾಗಿ ಆಯಿತಾದರೂ, ಕೆರೆ ಏರಿಯ ಮೇಲೆ ಸೈಕಲ್ ತುಳಿದು ಕೆಲಸಕ್ಕೆ ಹೋದವರಿಗೆ ಅದು ಹಳೆಯ ಸಂಗತಿ. ಹೊತ್ತಿನ ಲೆಕ್ಕವೂ ಇದರ ಜೊತೆ ಸೇರುತ್ತದೆ: ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಹುಟ್ಟಿದರೆ, ಜನವರಿಯಲ್ಲಿ ಸೂರ್ಯೋದಯ 6.45ರ ಸುಮಾರಿಗೆ ಆಗುವುದರಿಂದ, ಆರು ಗಂಟೆಗೆ ಮನೆ ಬಿಟ್ಟವನು ದಾರಿಯ ಬಹುಪಾಲನ್ನು ಕತ್ತಲಲ್ಲೇ ಸವೆಸಬೇಕು.

ದಾರಿಗಳ ಬಗೆಯನ್ನು ತಿಳಿಯದೆ ಈ ಸವಾರಿಯ ಸ್ವರೂಪ ತಿಳಿಯುವುದಿಲ್ಲ. ಬೆಂಗಳೂರು ಸೀಮೆಯ ಹಳ್ಳಿಗಳ ನಡುವೆ ಮುಖ್ಯವಾಗಿ ಮೂರು ಬಗೆಯ ದಾರಿಗಳಿದ್ದವು. ಮೊದಲನೆಯದು ಎತ್ತಿನಗಾಡಿಯ ಎರಡು ಚಕ್ರಗಳು ಕೊರೆದ ಜಾಡುಗಳೂ ಅವುಗಳ ನಡುವೆ ಹುಲ್ಲಿನ ದಿಂಡೂ ಇರುವ ಗಾಡಿದಾರಿ. ಎರಡನೆಯದು ಮನುಷ್ಯರು ಮತ್ತು ದನಕರುಗಳ ಓಡಾಟದಿಂದಲೇ ಮೂಡಿದ ಕಾಲುದಾರಿ. ಮೂರನೆಯದು ಕೆರೆಯ ಏರಿ, ಅಂದರೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಪೇರಿಸಿ, ನೀರಿನ ಕಡೆಗೆ ಕಲ್ಲು ಹಾಸಿ ಕಟ್ಟಿದ ಒಡ್ಡು. ಅದರ ನೆತ್ತಿ ಗಾಡಿ ಹೋಗುವಷ್ಟು ಅಗಲವಿದ್ದ ಕಡೆಗಳಲ್ಲಿ ಅದೇ ಎರಡು ಊರುಗಳನ್ನು ಸೇರಿಸುವ ರಸ್ತೆಯೂ ಆಗಿತ್ತು. ಮಳೆಗಾಲದಲ್ಲಿ ಗಾಡಿದಾರಿಯ ಕೆಂಪು ಮಣ್ಣು ಕೆಸರಾಗಿ ಮಡ್ಗಾರ್ಡಿನೊಳಗೆ ತುಂಬಿಕೊಂಡು ಚಕ್ರವನ್ನೇ ಹಿಡಿಯುತ್ತದೆ, ಬೇಸಿಗೆಯಲ್ಲಿ ಅದೇ ಮಣ್ಣು ಪುಡಿಯಾಗಿ ಟೈರು ಹೂತುಹೋಗುವ ದೂಳಾಗುತ್ತದೆ. ಇವೆರಡರ ನಡುವಿನ ಮೂರು ತಿಂಗಳು, ನೆಲದಲ್ಲಿ ತೇವ ಉಳಿದಿದ್ದರೂ ಮೇಲ್ಮೈ ಗಟ್ಟಿಯಾಗಿರುವ ಕಾಲ, ಸೈಕಲ್ಲಿಗೆ ಹೇಳಿ ಮಾಡಿಸಿದಂತಿರುತ್ತದೆ. ಆದ್ದರಿಂದ ಚಳಿಗಾಲ ಇಲ್ಲಿ ಸವಾರಿಗೆ ಅಡ್ಡಿಯಾದ ಋತುವಲ್ಲ. ಮಣ್ಣುದಾರಿಯ ಮಟ್ಟಿಗೆ ಅದೇ ಸುಗ್ಗಿ.

ಸುಗ್ಗಿಯೆಂಬ ಮಾತಿಗೆ ಇಲ್ಲಿ ನೇರವಾದ ಕಾರಣವೂ ಇದೆ. ರಾಗಿಯ ಕೊಯ್ಲು ಮುಗಿದು ಹೊಲದಲ್ಲಿ ಬರಿಯ ಕೂಳೆ ಉಳಿದಾಗ, ಬದುಗಳನ್ನು ಸುತ್ತಿಕೊಂಡು ಹೋಗುತ್ತಿದ್ದ ಕಾಲುದಾರಿ ಹೊಲದ ಮೂಲೆಯಿಂದ ಮೂಲೆಗೆ ನೇರವಾಗಿ ಹಾಯುತ್ತದೆ. ಮುಂದಿನ ಮುಂಗಾರಿನ ಉಳುಮೆಯಲ್ಲಿ ಅಳಿಸಿಹೋಗುವ ಈ ಅಡ್ಡದಾರಿ ಮರುವರ್ಷ ಕೊಯ್ಲಿನ ನಂತರ ಮತ್ತೆ ಮೂಡುತ್ತದೆ. ಟಾರು ರಸ್ತೆಗಳು ಬಂದ ಮೇಲೆ ರೈತರು ರಾಗಿ ತೆನೆ ಮತ್ತು ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ, ಓಡಾಡುವ ವಾಹನಗಳ ಚಕ್ರಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ರೂಢಿ ಬೆಳೆಯಿತು. ಇಬ್ಬನಿ ಬಿದ್ದ ಬೆಳಗಿನಲ್ಲಿ ಆ ತೆನೆಯ ಹಾಸಿನ ಮೇಲೆ ಬ್ರೇಕು ಹಿಡಿದರೆ ಸೈಕಲ್ ಜಾರುತ್ತದೆಂಬುದನ್ನು ಹೊಸಕೋಟೆ, ಆನೇಕಲ್, ನೆಲಮಂಗಲದ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೈಕಲ್ ಬೆಂಗಳೂರಿಗೆ ಬಂದದ್ದು ದಂಡು ಪ್ರದೇಶದ ಮೂಲಕ. ಇಂಗ್ಲೆಂಡಿನಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಸೈಕಲ್ಲು ಸಮಗಾತ್ರದ ಎರಡು ಚಕ್ರ ಮತ್ತು ಹಿಂಚಕ್ರಕ್ಕೆ ಸರಪಣಿಯಿರುವ ಇಂದಿನ ಆಕಾರವನ್ನು ನೆಲೆಗೊಳಿಸಿತು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರನ್ನು ತಂದ ಮೇಲೆ ಒರಟು ದಾರಿಯ ಮೇಲೂ ಅದು ಸಹ್ಯವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದ ಬ್ರಿಟಿಷ್ ಅಧಿಕಾರಿಗಳು, ಪಾದ್ರಿಗಳು ಮತ್ತು ಅನುಕೂಲಸ್ಥರ ಬಳಿ ಕಾಣಿಸಿಕೊಂಡ ಈ ವಾಹನ ಬಹುಕಾಲ ಆಮದಿನ ಸರಕಾಗಿಯೇ ಉಳಿದು, ರಾಲಿ, ಹರ್ಕ್ಯುಲಿಸ್, ಬಿಎಸ್ಎ, ಫಿಲಿಪ್ಸ್ ಎಂಬ ಇಂಗ್ಲಿಷ್ ಹೆಸರುಗಳಿಂದಲೇ ಗುರುತಿಸಲ್ಪಡುತ್ತಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸ್ಥಿತಿ ಬದಲಾಯಿತು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್ ಸ್ಥಾಪನೆಯಾಯಿತು, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೋ ಸೈಕಲ್ಸ್ ಹುಟ್ಟಿಕೊಂಡವು. ದೇಶದಲ್ಲೇ ತಯಾರಾದ, 28 ಅಂಗುಲದ ಚಕ್ರ, ಕಂಬಿಯ ಬ್ರೇಕು, ಚರ್ಮದ ಸೀಟು ಮತ್ತು ಗಟ್ಟಿ ಕ್ಯಾರಿಯರ್ ಇರುವ ಕಪ್ಪು ಸೈಕಲ್ಲು ಸಂಬಳದಾರನ ಕೈಗೆ ಎಟುಕತೊಡಗಿತು. ಆ ಸೈಕಲ್ಲನ್ನು ಮಣ್ಣುದಾರಿಯ ವಾಹನವೆಂದು ಯಾರೂ ಪ್ರಚಾರ ಮಾಡಲಿಲ್ಲ. ಆದರೆ ದೊಡ್ಡ ಚಕ್ರ, ಉದ್ದನೆಯ ಚೌಕಟ್ಟು ಮತ್ತು ಮುಂದಕ್ಕೆ ಬಾಗಿದ ಫೋರ್ಕು ಅದಕ್ಕೆ ಹೊಂಡಗಳನ್ನು ನುಂಗಿಕೊಂಡು ಹೋಗುವ ಶಕ್ತಿ ಕೊಟ್ಟಿದ್ದವು.

ಇದೇ ಕಾಲದಲ್ಲಿ ಬೆಂಗಳೂರಿನ ಹೊರಗಡೆ ದೊಡ್ಡ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1948ರಲ್ಲಿ ಕೃಷ್ಣರಾಜಪುರದ ಬಳಿ, ಮುಂದೆ ದೂರವಾಣಿನಗರವೆಂದು ಹೆಸರಾದ ಸ್ಥಳದಲ್ಲಿ, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಆರಂಭವಾಯಿತು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ನೆಲೆಯೂರಿದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್ಎಂಟಿಯ ಕೈಗಡಿಯಾರ ಘಟಕ ಬಂದಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ವೇಳೆಗೆ ಸುಮಾರು 7.8 ಲಕ್ಷಕ್ಕೆ ಏರಿದ್ದಕ್ಕೆ ಈ ಬೆಳವಣಿಗೆಯೂ ಒಂದು ಮುಖ್ಯ ಕಾರಣ. ನಗರದೊಳಗಿನ ಸಾರಿಗೆಗೆಂದು 1940ರಲ್ಲಿ ಆರಂಭವಾಗಿ 1956ರಲ್ಲಿ ಸರ್ಕಾರದ ವಶಕ್ಕೆ ಬಂದ ಬಸ್ ವ್ಯವಸ್ಥೆ ಮುಖ್ಯರಸ್ತೆಗಳಿಗೆ ಸೀಮಿತವಾಗಿತ್ತು. ಕಾರ್ಖಾನೆಗಳು ತಮ್ಮದೇ ಬಸ್ಸುಗಳನ್ನು ಓಡಿಸಿದರೂ ಅವು ಬಡಾವಣೆಗಳಿಗೆ ಹೋಗುತ್ತಿದ್ದವೇ ಹೊರತು ಕೆರೆಯಾಚೆಯ ಹಳ್ಳಿಗಳಿಗಲ್ಲ. ಹೊಲ ಮಾರದೆ, ಊರು ಬಿಡದೆ, ಕಾರ್ಖಾನೆಯ ಕೆಲಸವನ್ನೂ ಹಿಡಿದ ಕುಟುಂಬಗಳಿಗೆ ಉಳಿದ ಉಪಾಯ ಸೈಕಲ್ಲೊಂದೇ. ಬೆಂಗಳೂರಿನ ಕೈಗಾರಿಕಾ ಚರಿತ್ರೆಯನ್ನು ಯಂತ್ರಗಳ ಮತ್ತು ಕಾಲೋನಿಗಳ ಚರಿತ್ರೆಯಾಗಿ ಬರೆಯುವ ರೂಢಿಯಲ್ಲಿ ಈ ಅಂಶ ಮರೆಯಾಗಿದೆ: ಹಳ್ಳಿಯ ಮನೆ ಮತ್ತು ಕಾರ್ಖಾನೆಯ ಗೇಟು ಎಂಬ ಎರಡು ಲೋಕಗಳನ್ನು ಒಂದೇ ಬದುಕಿನಲ್ಲಿ ಕೂಡಿಸಿದ್ದು ಗಾಡಿದಾರಿಯ ಮೇಲಿನ ಸೈಕಲ್ಲು.

ಚಳಿಗಾಲದ ಆ ಪಯಣಕ್ಕೆ ಅದರದೇ ಆದ ಸರಂಜಾಮು ಇತ್ತು. ತಲೆ, ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರ್ ಅಥವಾ ಮಂಕಿ ಕ್ಯಾಪ್, ಖಾಕಿ ಅಂಗಿಯ ಮೇಲೆ ಕೈಯಲ್ಲಿ ಹೆಣೆದ ಸ್ವೆಟರ್, ಪ್ಯಾಂಟಿನ ಅಂಚು ಚೈನಿಗೆ ಸಿಕ್ಕದಂತೆ ಕಾಲಿನ ಗೆಣ್ಣಿನ ಬಳಿ ಹಾಕುವ ಉಕ್ಕಿನ ಕ್ಲಿಪ್ಪು, ಹ್ಯಾಂಡಲ್ಲಿಗೆ ನೇತುಹಾಕಿದ ಟಿಫನ್ ಕ್ಯಾರಿಯರ್, ಇವೆಲ್ಲ ಅದರ ಭಾಗಗಳು. ಬೆಳಕಿನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಸೀಮೆಎಣ್ಣೆಯ ಪುಟ್ಟ ದೀಪವನ್ನು ಹ್ಯಾಂಡಲ್ಲಿನ ಮುಂದಿನ ಕೊಕ್ಕೆಗೆ ಸಿಕ್ಕಿಸುವ ಪದ್ಧತಿ ಮೊದಲಿತ್ತು, ನಂತರ ಡೈನಮೋ ಬಂದಿತು. ಡೈನಮೋ ಎಂಬುದು ಬಾಟಲಿಯಾಕಾರದ ಪುಟ್ಟ ವಿದ್ಯುತ್ ಯಂತ್ರ. ಅದರ ತಲೆಯ ಹಲ್ಲುಗಾಲಿಯನ್ನು ಟೈರಿನ ಪಕ್ಕಕ್ಕೆ ಒತ್ತಿದಾಗ ಚಕ್ರದ ಜೊತೆ ತಿರುಗಿ ಮುಂದಿನ ಬಲ್ಬನ್ನು ಬೆಳಗುತ್ತದೆ. ಸವಾರ ವೇಗವಾಗಿ ತುಳಿದಷ್ಟೂ ಬೆಳಕು ಹೆಚ್ಚು, ನಿಧಾನವಾದಷ್ಟೂ ಮಂದ. ಮಂಜು ಕವಿದ ಏರಿಯ ಮೇಲೆ ಇದು ಪೇಚಿನ ಸ್ಥಿತಿ ತರುತ್ತಿತ್ತು: ದಾರಿ ಕಾಣದೆಂದು ನಿಧಾನಿಸಿದರೆ ಇದ್ದ ಬೆಳಕೂ ಕುಂದುತ್ತದೆ, ಬೆಳಕಿಗಾಗಿ ಜೋರಾಗಿ ತುಳಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಇಬ್ಬನಿಯಿಂದ ಟೈರು ಒದ್ದೆಯಾದಾಗ ಹಲ್ಲುಗಾಲಿ ಜಾರಿ ದೀಪ ಮಿಣುಕುತ್ತಿದ್ದುದೂ ಉಂಟು. ಹಿಂದೆ ಬರುವವರು ಮುಂದಿನವನ ಬೆಳಕನ್ನು ಅನುಸರಿಸಿ ಸಾಲಾಗಿ ಸಾಗುವುದು ಇದಕ್ಕೆ ಇದ್ದ ಸರಳ ಪರಿಹಾರ.

ಹರಳೆಣ್ಣೆಯೋ ಯಂತ್ರದೆಣ್ಣೆಯೋ ಇಲ್ಲದೆ ಚಳಿಗಾಲದಲ್ಲಿ ಚೈನು ಮಾತು ಕೇಳುವುದಿಲ್ಲ; ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಈ ಕಾಲದಲ್ಲಿ ಉಪಯೋಗಕ್ಕೆ ಬಾರದು. ಹಿಂಗಾರಿನಲ್ಲಿ ಬೆಳೆದು ಈ ತಿಂಗಳುಗಳಲ್ಲಿ ಒಣಗುವ ನೆಗ್ಗಿಲ ಮುಳ್ಳು ಮತ್ತು ದಾರಿಯ ಬದಿಯ ಜಾಲಿಮುಳ್ಳು ಪಂಕ್ಚರಿಗೆ ಮುಖ್ಯ ಕಾರಣ. ರಸ್ತೆ ಕೂಡುವಲ್ಲಿನ ಸೈಕಲ್ ಶಾಪಿನವನು ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬಾಣಲೆಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಅದ್ದುತ್ತ ಗುಳ್ಳೆ ಏಳುವ ಜಾಗವನ್ನು ಹುಡುಕಿ, ಅಲ್ಲಿ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಬಳಿದು, ಅದು ಅರೆ ಒಣಗುವ ತನಕ ಊದಿ, ಹಳೆಯ ಟ್ಯೂಬಿನ ತುಂಡನ್ನು ಅಂಟಿಸಿ ತಟ್ಟುವ ಕ್ರಮ ಇಂದಿಗೂ ಬದಲಾಗಿಲ್ಲ. ಕೊರೆಯುವ ಮುಂಜಾವಿನಲ್ಲಿ ಆ ಸೊಲ್ಯೂಷನ್ ಒಣಗಲು ಹಿಡಿಯುವ ಹೆಚ್ಚಿನ ಹೊತ್ತು ಸೈರನ್ ಕೂಗುವ ಮುನ್ನ ಗೇಟು ಮುಟ್ಟಬೇಕಾದವನ ಪಾಲಿಗೆ ಸಣ್ಣ ವಿಷಯವಲ್ಲ. ಇಂಥ ಶಾಪುಗಳೇ ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೂ ಕೊಡುತ್ತಿದ್ದವು, ಹಳ್ಳಿಯ ಹುಡುಗರು ಕತ್ತರಿ ಕಾಲು ಹಾಕಿ ಸೈಕಲ್ ಕಲಿತದ್ದು ಇವುಗಳಿಂದಲೇ. ಆಡಳಿತವೂ ಈ ವಾಹನವನ್ನು ಗಂಭೀರವಾಗಿ ಪರಿಗಣಿಸಿತ್ತು: ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೆ ತೆರಿಗೆ ಹಾಕಿ, ಕಟ್ಟಿದ್ದಕ್ಕೆ ಗುರುತಾಗಿ ಲೋಹದ ಬಿಲ್ಲೆ ಕೊಡುತ್ತಿದ್ದವು, ದೀಪವಿಲ್ಲದೆ ರಾತ್ರಿ ಓಡಿಸುವುದಕ್ಕೂ ಇಬ್ಬರು ಕೂತು ಹೋಗುವುದಕ್ಕೂ ಪೊಲೀಸರು ದಂಡ ಹಾಕುತ್ತಿದ್ದರು.

ಏರಿಯ ದಾರಿಯಲ್ಲಿ ಕೋಡಿಯೆಂಬ ಘಟ್ಟವೊಂದು ಇರುತ್ತಿತ್ತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗಲು ಏರಿಯ ಒಂದು ತುದಿಯಲ್ಲಿ ಬಿಟ್ಟ ಕಲ್ಲುಹಾಸಿನ ತಗ್ಗು ಜಾಗವೇ ಕೋಡಿ. ಒಳ್ಳೆಯ ಹಿಂಗಾರಿನ ವರ್ಷ ಅದು ಡಿಸೆಂಬರ್ ತನಕವೂ ಹರಿಯುತ್ತಿತ್ತು. ಪಾಚಿಗಟ್ಟಿದ ಆ ಕಲ್ಲಿನ ಮೇಲೆ ಸವಾರಿ ಮಾಡುವಂತಿಲ್ಲವಾದ್ದರಿಂದ ಸವಾರರು ಚಪ್ಪಲಿ ಕೈಗೆ ತೆಗೆದುಕೊಂಡು, ಸೈಕಲ್ಲಿನ ಅಡ್ಡಕಂಬಿಯನ್ನು ಹೆಗಲಿಗೇರಿಸಿ, ತಣ್ಣೀರಿನಲ್ಲಿ ನಡೆದು ಆಚೆ ದಾಟುತ್ತಿದ್ದರು. ಯುರೋಪಿನಲ್ಲಿ ಇದೇ ಕೆಲಸ ಒಂದು ಕ್ರೀಡೆಯಾಗಿ ಬೆಳೆದಿರುವುದು ಗಮನಾರ್ಹ. ರಸ್ತೆ ಪಂದ್ಯಗಳಿಲ್ಲದ ಚಳಿಗಾಲದಲ್ಲಿ ದೇಹ ಹದ ತಪ್ಪದಿರಲೆಂದು ಹೊಲ, ಬೇಲಿ, ಕೆಸರುಗಳನ್ನು ಹಾಯುತ್ತ, ಅಡ್ಡಿ ಬಂದಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಓಡುವ ಸೈಕ್ಲೋಕ್ರಾಸ್ ಎಂಬ ಸ್ಪರ್ಧೆಗೆ ಫ್ರಾನ್ಸಿನಲ್ಲಿ 1902ರಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು, 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಏರ್ಪಟ್ಟಿತು. ಅದೇ ದಶಕದಲ್ಲಿ ಬೆಂಗಳೂರಿನ ಸುತ್ತಲಿನ ಕೋಡಿಗಳನ್ನು ಸೈಕಲ್ ಹೊತ್ತು ದಾಟುತ್ತಿದ್ದವರ ಹೆಸರುಗಳು ಯಾವ ಪಟ್ಟಿಯಲ್ಲೂ ಇಲ್ಲ. ಅವರ ಕೌಶಲ ಮಾತ್ರ ಕಡಿಮೆಯದಾಗಿರಲಿಲ್ಲ.

ಪೀಣ್ಯ ಈ ಚರಿತ್ರೆಯ ಮುಂದಿನ ಅಧ್ಯಾಯ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು 1966ರ ಕಾಯ್ದೆಯಿಂದ ರೂಪುಗೊಂಡ ಮೇಲೆ, 1970ರ ದಶಕದಲ್ಲಿ ತುಮಕೂರು ರಸ್ತೆಯ ಬದಿಯ ಈ ಹಳ್ಳಿಯ ಸುತ್ತ ಸಣ್ಣ ಕೈಗಾರಿಕೆಗಳ ದೊಡ್ಡ ಬಡಾವಣೆ ಬೆಳೆಯಿತು. ಸರ್ಕಾರಿ ಸ್ವಾಮ್ಯದ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಲೇತು, ಮಿಲ್ಲಿಂಗ್ ಯಂತ್ರಗಳಲ್ಲಿ ತಯಾರಿಸುವ ಶೆಡ್ಡುಗಳಲ್ಲಿ ಕಂಪನಿ ಬಸ್ಸೂ ಇರಲಿಲ್ಲ, ಕ್ವಾರ್ಟರ್ಸೂ ಇರಲಿಲ್ಲ. ಆದ್ದರಿಂದ ದಾಸರಹಳ್ಳಿ, ಅಬ್ಬಿಗೆರೆ, ಚಿಕ್ಕಬಾಣಾವರದ ಕಡೆಯಿಂದ ಬರುವವರಿಗೆ ಸೈಕಲ್ ಇನ್ನಷ್ಟು ಅನಿವಾರ್ಯವಾಯಿತು. ದಕ್ಷಿಣದಲ್ಲಿ, 1976ರಲ್ಲಿ ಸ್ಥಾಪನೆಯಾದ, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಆದರೆ ಅದು ಬೆಳೆಯುವ ಹೊತ್ತಿಗೆ ಸೈಕಲ್ಲಿನ ಕಾಲ ತಿರುಗಿತ್ತು. 1980ರಲ್ಲಿ ಪಕ್ಕದ ಹೊಸೂರಿನಿಂದ ಬಂದ ಟಿವಿಎಸ್ 50 ಮೊಪೆಡ್, ಅದರ ಬೆನ್ನಿಗೇ ಬಂದ ನೂರು ಸಿಸಿಯ ಮೋಟಾರ್ ಬೈಕುಗಳು ಕಾರ್ಖಾನೆಗಳ ಸೈಕಲ್ ಸ್ಟ್ಯಾಂಡುಗಳನ್ನು ತೆರವು ಮಾಡಿಸಿದವು.

ವೈಟ್‌ಫೀಲ್ಡಿನ ಕಥೆ ಬೇರೆ ತೆರನಾದದ್ದು. 1882ರಲ್ಲಿ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದಾಗ ಡಿ.ಎಸ್. ವೈಟ್ ಅವರ ಹೆಸರಿನಲ್ಲಿ ನೆಲೆಗೊಂಡ ಈ ಬೇಸಾಯದ ವಸಾಹತು, ಒಂದು ಶತಮಾನದಷ್ಟು ಕಾಲ ತೋಟ ಮತ್ತು ಮಣ್ಣುರಸ್ತೆಗಳ ಊರಾಗಿ ಉಳಿದಿತ್ತು. 1990ರ ದಶಕದಲ್ಲಿ ರಫ್ತು ಉತ್ತೇಜನ ವಲಯವೂ ಅಂತರರಾಷ್ಟ್ರೀಯ ಟೆಕ್ ಪಾರ್ಕೂ ಬಂದು ಎರಡೇ ದಶಕಗಳಲ್ಲಿ ಅದರ ಸುತ್ತಲ ಹತ್ತಾರು ಹಳ್ಳಿಗಳು ಒಂದೇ ಊರಾದವು. ಹಿಂದೆ ಸವಾರರು ಚಪ್ಪಲಿ ಕಳಚಿ ದಾಟುತ್ತಿದ್ದಂಥ ಕೋಡಿಗಳಿಗೆ ಏನಾಯಿತೆಂಬುದನ್ನು ತಿಳಿಯಲು ಪಕ್ಕದ ವರ್ತೂರು ಕೆರೆಯ ಉದಾಹರಣೆ ಸಾಕು. 2015ರ ಸುಮಾರಿಗೆ ಅಲ್ಲಿಯ ಕೋಡಿಯಿಂದ ಎದ್ದ ಕೊಳಚೆಯ ನೊರೆ ರಸ್ತೆಯ ಮೇಲೆ ಹಾರಿ ವಾಹನಗಳನ್ನು ಮುಚ್ಚಿದ ಚಿತ್ರಗಳು ದೇಶವೆಲ್ಲ ಹಬ್ಬಿದವು.

ಮಣ್ಣುದಾರಿಗೆ ಸೈಕಲ್ ಮರಳಿ ಬಂದದ್ದು ಇದೇ ಟೆಕ್ ಪಾರ್ಕುಗಳ ಐಟಿ ಉದ್ಯೋಗಿಗಳ ಮೂಲಕ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಟಮಲ್ಪಾಯಿಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತ ಮೌಂಟನ್ ಬೈಕಿಗೆ ನಾಂದಿ ಹಾಡಿದರು, 1981ರಲ್ಲಿ ಅದು ಕಾರ್ಖಾನೆಯಲ್ಲಿ ತಯಾರಾಗುವ ಸರಕಾಯಿತು, 1996ರಲ್ಲಿ ಒಲಿಂಪಿಕ್ಸ್ ಸೇರಿತು. ಗೇರು, ಆಘಾತ ಹೀರುವ ಮುಂದಿನ ಫೋರ್ಕು, ಡಿಸ್ಕ್ ಬ್ರೇಕುಗಳಿರುವ ಇಂಥ ಸೈಕಲ್ಲುಗಳು 2000ದ ನಂತರ ಬೆಂಗಳೂರಿನ ಅಂಗಡಿಗಳಿಗೆ ಬಂದವು. ಫ್ರಾನ್ಸಿನ ಡೆಕಾಥ್ಲಾನ್ ಕಂಪನಿ ಭಾರತದಲ್ಲಿ ತನ್ನ ಮೊದಲ ಮಳಿಗೆಯನ್ನು 2009ರಲ್ಲಿ ಸರ್ಜಾಪುರ ರಸ್ತೆಯಲ್ಲಿ ತೆರೆದದ್ದು ಆಕಸ್ಮಿಕವಲ್ಲ, ಕೊಳ್ಳುವವರು ಆ ರಸ್ತೆಯ ಎರಡೂ ತುದಿಗಳಲ್ಲಿದ್ದರು. 2008ರ ಡಿಸೆಂಬರಿನಲ್ಲಿ ಆರಂಭವಾದ ನೀಲಗಿರಿ ಸೈಕಲ್ ಪ್ರವಾಸ ರಸ್ತೆಯ ಮೇಲಿನದಾದರೂ, ದಕ್ಷಿಣದ ಸವಾರರ ವರ್ಷದ ಮುಖ್ಯ ಕಾಲ ಚಳಿಗಾಲವೆಂಬುದನ್ನು ಅದು ಗಟ್ಟಿಮಾಡಿತು.

ಹೊಸ ಸವಾರರು ಹಿಡಿದ ದಿಕ್ಕುಗಳನ್ನು ನೋಡಿದರೆ ಹಳೆಯ ಭೂಗೋಳ ಮತ್ತೆ ಕಾಣಿಸುತ್ತದೆ. ಪೀಣ್ಯ, ಜಾಲಹಳ್ಳಿಯ ಕಡೆಯವರು ಹೋಗುವುದು ಹೆಸರಘಟ್ಟಕ್ಕೆ. ಬೆಂಗಳೂರಿಗೆ ಮೊದಲ ಕೊಳವೆ ನೀರು ಬಂದದ್ದು 1890ರ ದಶಕದಲ್ಲಿ ಅಲ್ಲಿ ಅರ್ಕಾವತಿಗೆ ಕಟ್ಟಿದ ಜಲಾಶಯದಿಂದಲೇ. ಅದರ ಸುತ್ತಲ ಹುಲ್ಲುಗಾವಲು ಚಳಿಗಾಲದಲ್ಲಿ ವಲಸೆ ಹಕ್ಕಿಗಳ ತಾಣ. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿದ್ದು ಸರಿಯಾದ ಕ್ರಮ, ಮತ್ತು ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳಿರುವ ಹುಲ್ಲಿನ ಮೇಲೆ ಯಾವ ಚಕ್ರವೂ ಹರಿಯದಿರುವುದೇ ಲೇಸು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟವರು ಜಿಗಣಿ, ಆನೇಕಲ್ ದಾಟಿ ಬನ್ನೇರುಘಟ್ಟ ಕಾಡಿನ ಅಂಚಿನ ರಾಗಿಹಳ್ಳಿ, ತಟ್ಟೆಕೆರೆಯ ಕಡೆಗೆ ಹೋಗುತ್ತಾರೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ಆನೆಗಳು ರಾಗಿ ಮಾಗುವ ಕಾಲದಲ್ಲಿಯೇ ಹೊಲಗಳಿಗೆ ಇಳಿಯುತ್ತವೆ, ರಾತ್ರಿ ಮೇದು ಬೆಳಕು ಹರಿಯುವ ಹೊತ್ತಿಗೆ ಕಾಡಿಗೆ ಮರಳುತ್ತವೆ. ಆದ್ದರಿಂದ ಮಂಜಿನ ಮುಂಜಾವು ಸವಾರನಿಗೆ ಹಿತವಾದಷ್ಟೇ ಅಪಾಯದ್ದೂ ಹೌದು. ಬಿಸಿಲು ಏರುವ ತನಕ ಕಾಯಿರಿ ಎಂದು ಅಲ್ಲಿನ ರೈತರು ಹೇಳುವ ಮಾತಿಗೆ ಯಾವ ನಕ್ಷೆಗಿಂತಲೂ ಹೆಚ್ಚಿನ ಬೆಲೆಯಿದೆ. ಕನಕಪುರ ರಸ್ತೆಯ ಬದಿಯ ತುರಹಳ್ಳಿ ಅರಣ್ಯದ ಹಾಸುಬಂಡೆಗಳು ಮತ್ತು ಕುರುಚಲಿನ ನಡುವಿನ ಕಾಲುದಾರಿಗಳು ನಗರಕ್ಕೆ ತೀರ ಹತ್ತಿರದ ಮೌಂಟನ್ ಬೈಕ್ ತಾಣವಾದವು. 2021ರ ಆರಂಭದಲ್ಲಿ ಅಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಅರಣ್ಯ ಇಲಾಖೆಯ ಯೋಜನೆಯನ್ನು ಸುತ್ತಲ ನಿವಾಸಿಗಳು ವಿರೋಧಿಸಿದರು, ಯೋಜನೆ ಕೈಬಿಡಲಾಯಿತು.

ಹವ್ಯಾಸಿಗಳ ಚಿತ್ರವಷ್ಟನ್ನೇ ಬರೆದರೆ ಅರ್ಧ ಸತ್ಯವಾದೀತು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ಕಾವಲುಗಾರರು, ಪೀಣ್ಯದ ಶೆಡ್ಡುಗಳ ಸಹಾಯಕರು, ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದಲೂ ಒಡಿಶಾ, ಅಸ್ಸಾಂಗಳಿಂದಲೂ ಬಂದವರು ಇಂದಿಗೂ ಹಳೆಯ ಸೈಕಲ್ಲುಗಳನ್ನು ಕೊಂಡು, ರಾತ್ರಿ ಪಾಳಿ ಮುಗಿಸಿ, ಖಾಲಿ ನಿವೇಶನಗಳ ನಡುವಿನ ಮಣ್ಣುದಾರಿಯಲ್ಲಿ ಮಂಜು ಸೀಳಿಕೊಂಡು ಮನೆಗೆ ಹೋಗುತ್ತಾರೆ. 2006–07ರಿಂದ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಟ್ಟ ಸೈಕಲ್ಲುಗಳು ಆನೇಕಲ್, ಹೊಸಕೋಟೆ ತಾಲ್ಲೂಕುಗಳ ಹಳ್ಳಿಯ ಹೆಣ್ಣುಮಕ್ಕಳನ್ನು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಈ ದಾರಿಗಳಿಗೆ ತಂದವು. ಕಾರ್ಖಾನೆಯ ಕಾಲದ ಸೈಕಲ್ ಹೆಚ್ಚಾಗಿ ಗಂಡಸರದಾಗಿತ್ತು ಎಂಬುದನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ. ಆದರೆ 2020ರಲ್ಲಿ ಹೊರವರ್ತುಲ ರಸ್ತೆಯ ಬದಿಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದಾಗ ಯೋಜಕರ ಕಣ್ಣು ಟಾರು ರಸ್ತೆಯ ಮೇಲೆ ಮಾತ್ರ ಇತ್ತು. ಬಡಾವಣೆಗಳ ಹಿಂದೆ, ಕೆರೆಯ ಪಕ್ಕದಲ್ಲಿ, ಮೊದಲೇ ಇದ್ದ ಪಥಗಳ ಲೆಕ್ಕವನ್ನು ಅವರು ಹಿಡಿಯಲಿಲ್ಲ.

ಆ ಲೆಕ್ಕ ಸರ್ಕಾರದ ಬಳಿಯೇ ಇದೆ. ಭೂಮಾಪನದ ಕಾಲದಲ್ಲಿ ತಯಾರಾದ ಪ್ರತಿಯೊಂದು ಗ್ರಾಮನಕ್ಷೆಯಲ್ಲಿ ಗಾಡಿದಾರಿ, ಕಾಲುದಾರಿಗಳನ್ನು ಗೆರೆಗಳಿಂದ ಗುರುತಿಸಲಾಗಿದೆ. ಕಂದಾಯ ಇಲಾಖೆಯ ಮಾತಿನಲ್ಲಿ ಅವು ‘ನಕಾಶೆ ಕಂಡ ದಾರಿ’ಗಳು. ಖಾಸಗಿ ಸರ್ವೆ ನಂಬರಿನೊಳಗೆ ಹಾದುಹೋದರೂ ದಾರಿ, ಹಳ್ಳಗಳಂಥ ಸಾರ್ವಜನಿಕ ಬಳಕೆಯ ಜಾಗ ‘ಬಿ ಖರಾಬು’ ಎಂದು ಪ್ರತ್ಯೇಕವಾಗಿ ದಾಖಲಾಗಿ, ಸಾಗುವಳಿ ಮಾಡುವವನ ಸ್ವತ್ತಿನಿಂದ ಹೊರಗುಳಿಯುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೂ ಕೆರೆಗಳೂ ಸರ್ಕಾರದ ಸ್ವತ್ತು. ಕಳೆದ ಮೂವತ್ತು ವರ್ಷಗಳಲ್ಲಿ ಬಡಾವಣೆಗಳ ಕಾಂಪೌಂಡುಗಳು ಎದ್ದಲ್ಲೆಲ್ಲ ಇಂಥ ದಾರಿಗಳು ಗೋಡೆಯೊಳಗೆ ಸೇರಿಹೋದದ್ದು, ಅವುಗಳನ್ನು ಬಳಸುತ್ತಿದ್ದವರಿಗೆ ಕಾಗದದ ಮೇಲಿನ ತಮ್ಮ ಹಕ್ಕು ತಿಳಿಯದೆ ಇದ್ದುದರಿಂದ, ತಿಳಿದವರು ಸುಮ್ಮನಿದ್ದುದರಿಂದ.

2023ರಲ್ಲಿ ಕಾಡುಗೋಡಿಗೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೊ ತಲುಪಿದೆ, ಪೀಣ್ಯಕ್ಕೆ ಅದು 2014ರಲ್ಲೇ ಬಂದಿದೆ. ನಿಲ್ದಾಣದಿಂದ ಮನೆಗೂ ಕೆಲಸದ ಜಾಗಕ್ಕೂ ಇರುವ ಎರಡು ಮೂರು ಕಿಲೋಮೀಟರ್ ದೂರವನ್ನು ಕ್ರಮಿಸಲು ಬೇಕಾದ ದಾರಿಗಳು ಹಲವು ಕಡೆ ಹಳೆಯ ನಕ್ಷೆಯಲ್ಲಿ ಈಗಲೂ ಗೆರೆಗಳಾಗಿ ಉಳಿದಿವೆ. ಗ್ರಾಮನಕ್ಷೆಗಳು ಇಂದು ಭೂಮಾಪನ ಇಲಾಖೆಯಿಂದ ಸಾರ್ವಜನಿಕರಿಗೆ ದೊರೆಯುತ್ತವೆ. ಈ ಚಳಿಗಾಲದಲ್ಲಿ ಮಣ್ಣುದಾರಿಗೆ ಸೈಕಲ್ ಇಳಿಸುವವರು, ಹವ್ಯಾಸಕ್ಕಾಗಲಿ ಹೊಟ್ಟೆಪಾಡಿಗಾಗಲಿ, ತಾವು ಓಡಾಡುವ ಗ್ರಾಮದ ನಕ್ಷೆಯನ್ನು ಒಮ್ಮೆ ತೆಗೆಸಿ ನೋಡಬೇಕು; ನಕಾಶೆಯಲ್ಲಿದ್ದೂ ನೆಲದ ಮೇಲೆ ಮುಚ್ಚಿಹೋಗಿರುವ ದಾರಿ ಕಂಡರೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಬೇಕು.